ಮೂರು ನಿಮಿಷದ ಮನೋಧರ್ಮ



ಕಳೆದ ಯುಗಾದಿಗೆ ದುದ್ದಕ್ಕೆ ಬಂದಿದ್ದ ನನ್ನ ಭಾವಮೈದುನರು ಬೆಳಗಿನ ಕಾಫಿ ಲೋಟ ಹಿಡಿದು ನನ್ನ ಕೋಣೆಗೆ ಇಣುಕಿ, “ಏನು ಭಾವ, ಬೆಳಬೆಳಗ್ಗೆಯೇ ಈ ಗದ್ದಲ? ಯಾರದೋ ಮದುವೆ ಬ್ಯಾಂಡು ದಾರಿ ತಪ್ಪಿ ನಿಮ್ಮ ರೂಮಿಗೆ ನುಗ್ಗಿದ ಹಾಗಿದೆಯಲ್ಲ!” ಎಂದು ನಕ್ಕರು. ನಾನೂ ನಕ್ಕೆ. ಆಗ ನನ್ನ ಫೋನಿನಲ್ಲಿ ನುಡಿಯುತ್ತಿದ್ದದ್ದು ಅಮೆರಿಕದ ಸ್ಯಾಕ್ಸೋಫೋನ್ ವಾದಕ ಚಾರ್ಲಿ ಪಾರ್ಕರ್ ಅವರ 1945ರ ಒಂದು ಗ್ರಾಮಫೋನ್ ಪ್ಲೇಟು. ಜೀವಮಾನವೆಲ್ಲ ಕುಮಾರವ್ಯಾಸ, ಹರಿಹರ ಎಂದು ಪಾಠ ಹೇಳಿದ ಕನ್ನಡ ಮೇಷ್ಟ್ರಿಗೆ ಈ ವಯಸ್ಸಿನಲ್ಲಿ ಜಾಸ್ ಸಂಗೀತದ ಗೀಳು ಹಿಡಿಯಿತೇ ಎಂದು ನಿಮಗೂ ಅನ್ನಿಸಬಹುದು. ಆದರೆ ‘ಮದುವೆ ಬ್ಯಾಂಡು’ ಎಂಬ ಆ ಮಾತು ನನ್ನೊಳಗೆ ಮುಳ್ಳಿನಂತೆ ನಾಟಿಕೊಂಡಿತು. ಏಕೆಂಬುದನ್ನು ಕೊನೆಯಲ್ಲಿ ಹೇಳುತ್ತೇನೆ.

ಈ ದಾರಿಗೆ ನನ್ನನ್ನು ತಂದವರು ನಮ್ಮವರೇ ಆದ ಕದ್ರಿ ಗೋಪಾಲನಾಥರು. ನಾನು ನಿವೃತ್ತನಾದ ವರ್ಷವೇ, 2019ರ ಅಕ್ಟೋಬರ್ 11ರಂದು, ಅವರು ಮಂಗಳೂರಿನಲ್ಲಿ ತೀರಿಕೊಂಡರು. ಬಂಟ್ವಾಳ ತಾಲ್ಲೂಕಿನ ಸಜೀಪದ ನಾಗಸ್ವರ ವಾದಕರ ಮಗ; ಎಳೆಯ ವಯಸ್ಸಿನಲ್ಲಿ ಮೈಸೂರು ಅರಮನೆಯ ಬ್ಯಾಂಡಿನಲ್ಲಿ ಸ್ಯಾಕ್ಸೋಫೋನನ್ನು ಕಂಡು ಮನಸೋತವರು. ಗಮಕಕ್ಕೆ ಒಗ್ಗದ ಆ ಪರದೇಶಿ ವಾದ್ಯವನ್ನು ತ್ಯಾಗರಾಜರ ಕೃತಿಗಳಿಗೆ ಪಳಗಿಸಲು ಅವರು ಸವೆಸಿದ್ದು ಹತ್ತಿರ ಹತ್ತಿರ ಇಪ್ಪತ್ತು ವರ್ಷ. 1980ರ ಮುಂಬಯಿಯ ಜಾಸ್ ಯಾತ್ರಾ ಉತ್ಸವದಲ್ಲಿ ಅಮೆರಿಕದ ಜಾನ್ ಹ್ಯಾಂಡಿಯವರ ಜೊತೆ ನುಡಿಸಿದ ಮೇಲೆ ಜಗತ್ತು ಅವರತ್ತ ತಿರುಗಿ ನೋಡಿತು.

ಅವರು ತೀರಿಕೊಂಡ ವಾರ ಬೆಂಗಳೂರಿನಿಂದ ಬಂದ ಮಗಳು, “ಅಪ್ಪಾಜಿ, ಇದನ್ನೂ ಕೇಳಿ” ಎಂದು ಫೋನಿನಲ್ಲಿ ‘ಕಿನ್ಸ್‌ಮೆನ್’ ಎಂಬ ಆಲ್ಬಂ ಹಾಕಿಕೊಟ್ಟಳು. 2008ರಲ್ಲಿ ಬಿಡುಗಡೆಯಾದ ಅದರಲ್ಲಿ ಗೋಪಾಲನಾಥರ ಜೊತೆ ಇನ್ನೊಂದು ಸ್ಯಾಕ್ಸೋಫೋನ್ ಇದೆ. ಅದನ್ನು ನುಡಿಸಿದವರು ರುದ್ರೇಶ್ ಮಹಾಂತಪ್ಪ. ಹೆಸರು ಕೇಳಿದೊಡನೆ ನಮ್ಮ ಕಡೆಯವರೆಂದು ತಿಳಿಯುತ್ತದಲ್ಲವೇ? 1971ರಲ್ಲಿ ಇಟಲಿಯಲ್ಲಿ ಹುಟ್ಟಿ ಅಮೆರಿಕದ ಕೊಲರಾಡೊದಲ್ಲಿ ಬೆಳೆದ ಕನ್ನಡ ಮೂಲದ ಕಲಾವಿದರು. ಅಣ್ಣ ಕೊಟ್ಟ ಗೋಪಾಲನಾಥರ ಒಂದು ಧ್ವನಿಮುದ್ರಿಕೆಯ ಮೂಲಕ ತಮ್ಮ ಹಿರಿಯರ ನಾಡಿನ ಸಂಗೀತದ ಬಾಗಿಲು ತಟ್ಟಿದವರು. ಅವರಿಗೆ ಬಾಲ್ಯದಿಂದಲೂ ಆರಾಧ್ಯರಾದವರು ಚಾರ್ಲಿ ಪಾರ್ಕರ್. ಹೀಗೆ ಸಜೀಪದಿಂದ ಹೊರಟ ನಾನು ಕೊಲರಾಡೊ ಬಳಸಿಕೊಂಡು ನ್ಯೂಯಾರ್ಕ್ ಮುಟ್ಟಿದೆ.

ಪಾರ್ಕರ್ ಹುಟ್ಟಿದ್ದು 1920ರಲ್ಲಿ, ತೀರಿಕೊಂಡದ್ದು 1955ರಲ್ಲಿ. ಬದುಕಿದ್ದು ಮೂವತ್ತನಾಲ್ಕೇ ವರ್ಷ. ಅವರು ತರುಣರಾಗಿದ್ದಾಗ ಜಾಸ್ ಎಂದರೆ ಹದಿನೈದಿಪ್ಪತ್ತು ಮಂದಿಯ ದೊಡ್ಡ ವಾದ್ಯವೃಂದ, ಅದರ ತಾಳಕ್ಕೆ ಜೋಡಿ ಜೋಡಿಯಾಗಿ ಕುಣಿಯುವ ಜನ. ವೃಂದದಲ್ಲಿ ಪ್ರತಿಯೊಬ್ಬರೂ ಬರೆದಿಟ್ಟದ್ದನ್ನು ನುಡಿಸಬೇಕು. ಸ್ವಂತದ್ದೇನಾದರೂ ಹೇಳಲು ಸಿಗುತ್ತಿದ್ದದ್ದು ಅರೆಗಳಿಗೆ. ಕೆಲವು ಕಪ್ಪು ಜನಾಂಗದ ತರುಣರು ಕೆಲಸ ಮುಗಿದ ಮೇಲೆ ನಡುರಾತ್ರಿಯಲ್ಲಿ ಹಾರ್ಲೆಮ್‌ನ ಮಿಂಟನ್ಸ್ ಪ್ಲೇಹೌಸ್‌ನಂಥ ಕಡೆ ಸೇರಿ, ನಾಲ್ಕೈದು ಮಂದಿಯ ಸಣ್ಣ ಗುಂಪು ಕಟ್ಟಿಕೊಂಡು, ಕುಣಿಯುವವರ ಹಂಗಿಲ್ಲದೆ ನುಡಿಸತೊಡಗಿದರು. ಆ ಬಗೆಗೆ ‘ಬೀಬಾಪ್’ ಎಂಬ ಹೆಸರು ಬಿತ್ತು. ಪಾರ್ಕರ್, ತುತ್ತೂರಿಯ ಡಿಜ್ಜಿ ಗಿಲೆಸ್ಪಿ, ಪಿಯಾನೋದ ಬಡ್ ಪೊವೆಲ್, ಡ್ರಮ್ಸ್‌ನ ಮ್ಯಾಕ್ಸ್ ರೋಚ್ ಅದರ ಮುಖ್ಯರು.

ಅದರ ಶೈಶವವೇ ನಮಗೆ ಸರಿಯಾಗಿ ಕೇಳಲು ಸಿಗದಿರುವುದು ಒಂದು ದುರ್ದೈವ. 1942ರ ಆಗಸ್ಟ್ ಒಂದರಿಂದ ಅಲ್ಲಿನ ಸಂಗೀತಗಾರರ ಸಂಘವು ತನ್ನ ಸದಸ್ಯರ ಪಾಲಿನ ಹಣಕ್ಕಾಗಿ ಗ್ರಾಮಫೋನ್ ಕಂಪನಿಗಳ ವಿರುದ್ಧ ಮುಷ್ಕರ ಹೂಡಿತು; ದೊಡ್ಡ ಕಂಪನಿಗಳ ಜೊತೆ ಅದು ಮುಗಿದದ್ದು 1944ರ ನವೆಂಬರಿನಲ್ಲಿ. ಹೊಸ ಸಂಗೀತ ತೊಟ್ಟಿಲಲ್ಲಿ ಕೈಕಾಲು ಆಡಿಸುತ್ತಿದ್ದ ಕಾಲದಲ್ಲಿ ಮುದ್ರಣಯಂತ್ರಗಳು ಬಹುಮಟ್ಟಿಗೆ ಮೌನವಾಗಿದ್ದವು. ನುಡಿಸಿದ್ದು ಗಾಳಿಗೆ ಹೋಯಿತು.

ಮುದ್ರಣ ಮತ್ತೆ ಆರಂಭವಾದ ಮೇಲೆ, 1945ರ ನವೆಂಬರ್ 26ರಂದು, ಪಾರ್ಕರ್ ತಮ್ಮ ಗುಂಪಿನೊಂದಿಗೆ ಸವಾಯ್ ಕಂಪನಿಗಾಗಿ ನುಡಿಸಿದರು. ಹತ್ತು ಅಂಗುಲದ, ನಿಮಿಷಕ್ಕೆ 78 ಸುತ್ತು ತಿರುಗುವ ಪ್ಲೇಟು. ಒಂದು ಮಗ್ಗುಲಿಗೆ ಹಿಡಿಸುವುದು ಮೂರು ನಿಮಿಷದಷ್ಟು. ಅಂದು ಆದ ‘ಕೋ-ಕೋ’ ಎಂಬ ಮುದ್ರಣವನ್ನು ಮೊದಲ ಸಲ ಕೇಳಿದಾಗ, ಮಳೆಗಾಲದಲ್ಲಿ ಹೆಂಚಿನ ಮೇಲೆ ಆಲಿಕಲ್ಲು ಸುರಿದಂತೆ ಅನ್ನಿಸಿತೇ ಹೊರತು ತಲೆಬುಡ ತಿಳಿಯಲಿಲ್ಲ. ಹತ್ತಾರು ಸಲ ಕೇಳಿದ ಮೇಲೆ ನನ್ನ ಹಳೆಯ ಪಾಠವೇ ಕೈಹಿಡಿಯಿತು.

ಷಟ್ಪದಿಯ ಪಾಠ ನಿಮಗೆ ನೆನಪಿರಬೇಕು. ಭಾಮಿನಿಯಲ್ಲಿ ಮೂರು ನಾಲ್ಕು ಮಾತ್ರೆಗಳ ಗಣಗಳು. ಮೂರನೆಯ ಮತ್ತು ಆರನೆಯ ಸಾಲು ಉದ್ದ, ಕೊನೆಗೊಂದು ಗುರು. ಅಷ್ಟೇ ಕಟ್ಟು. ಅದರೊಳಗೇ ಕುಮಾರವ್ಯಾಸ ಯುದ್ಧವನ್ನೂ ತಂದ, ಅಳುವನ್ನೂ ತಂದ, ನಗೆಯನ್ನೂ ತಂದ. ಇವರದೂ ಹಾಗೆಯೇ. ಜನಕ್ಕೆ ಗೊತ್ತಿರುವ ಒಂದು ಹಾಡಿನಲ್ಲಿ ರಾಗದ ಕೆಳಗೆ ಸಾಗುವ ಸ್ವರಗುಚ್ಛಗಳ ಸರಣಿಯೊಂದಿರುತ್ತದೆ. ಅದು ನಮ್ಮ ತಾಳದ ಆವರ್ತದಂತೆ ಸುತ್ತಿ ಸುತ್ತಿ ಬರುತ್ತದೆ. ಬೀಬಾಪ್‌ನವರು ಮೇಲಿನ ಹಾಡನ್ನು ತೆಗೆದಿಟ್ಟು, ಕೆಳಗಿನ ಸರಣಿಯನ್ನು ಮಾತ್ರ ಉಳಿಸಿಕೊಂಡು, ಅದರ ಮೇಲೆ ಹೊಸದನ್ನು ಕಟ್ಟಿದರು. ‘ಕೋ-ಕೋ’ ಕಟ್ಟಿರುವುದು ‘ಚೆರೋಕಿ’ ಎಂಬ ಹಳೆಯ ಹಾಡಿನ ಸರಣಿಯ ಮೇಲೆ. ಎಲ್ಲರೂ ಆ ಕಟ್ಟಿಗೆ ಬದ್ಧರು. ಆ ಕಟ್ಟಿನೊಳಗೆ ಪ್ರತಿಯೊಬ್ಬರೂ ಸ್ವತಂತ್ರರು.

ಆ ದಿನದ ಇನ್ನೊಂದು ಸಂಗತಿ ಮೇಷ್ಟ್ರಾದ ನನಗೆ ಬಹಳ ಹಿಡಿಸಿತು. ಗುಂಪಿನಲ್ಲಿದ್ದ ಮೈಲ್ಸ್ ಡೇವಿಸ್‌ಗೆ ಆಗ ಹತ್ತೊಂಬತ್ತು ವರ್ಷ. ‘ಕೋ-ಕೋ’ದ ಮಿಂಚಿನ ವೇಗದ ಆರಂಭಕ್ಕೆ ತುತ್ತೂರಿ ಹಿಡಿದವರು ಅನುಭವಿ ಗಿಲೆಸ್ಪಿ. ‘ಬಿಲ್ಲೀಸ್ ಬೌನ್ಸ್’ನಂಥ ನಿಧಾನದ ರಚನೆಗಳಲ್ಲಿ ಅವಕಾಶ ಆ ಹುಡುಗನಿಗೆ. ಒಂದೇ ರಚನೆಯನ್ನು ಮತ್ತೆ ಮತ್ತೆ ನುಡಿಸಿದ ಹಲವು ಟೇಕ್‌ಗಳು ಉಳಿದು, ಮುಂದೆ ಪ್ರಕಟವಾಗಿವೆ. ಕೇಳಿನೋಡಿ: ನಡುನಡುವೆ ತಡವರಿಕೆಯಿದೆ, ನಿಲ್ಲಿಸಿ ಮತ್ತೆ ಶುರುಮಾಡಿದ್ದಿದೆ. ಪಾರ್ಕರ್ ಒಂದು ಸಲ ನುಡಿಸಿದ್ದನ್ನು ಮರುಸಲ ಹಾಗೆಯೇ ಒಪ್ಪಿಸುವುದಿಲ್ಲ. ಆ ಹುಡುಗ ಅವರ ಪಕ್ಕದಲ್ಲಿ ನಿಂತು, ಅವರ ವೇಗವನ್ನು ಅನುಕರಿಸಲು ಹೋಗದೆ, ತನಗೆ ಎಟಕುವ ನಾಲ್ಕು ಸ್ವರಗಳಲ್ಲಿ ತನ್ನ ಮಾತು ಹುಡುಕುತ್ತಾನೆ. ಮುಂದೆ ಅವನೇ ಜಾಸ್‌ಗೆ ಹೊಸ ದಾರಿ ತೋರಿದವರಲ್ಲಿ ಒಬ್ಬನಾದ. ನಾಲ್ಕೈದು ಮಂದಿಯ ಆ ಕೋಣೆ ನನ್ನ ಕಣ್ಣಿಗೆ ಒಂದು ಒಳ್ಳೆಯ ಶಾಲೆಯಂತೆ ಕಾಣುತ್ತದೆ.

“ಆದರೂ ನಮ್ಮದಲ್ಲದ ಸಂಗೀತ” ಎನ್ನುವವರಿಗೆ ನನ್ನ ಉತ್ತರ ಸರಳ. ಎರಡೂ ಒಂದೇ ಎಂದು ನಾನು ಹೇಳುವುದಿಲ್ಲ. ರಾಗಭಾವ ಅಲ್ಲಿಲ್ಲ, ಸ್ವರಗುಚ್ಛಗಳ ನಡೆ ಇಲ್ಲಿಲ್ಲ. ಆದರೆ ಮನೋಧರ್ಮಕ್ಕೆ ಎರಡೂ ಕಡೆ ಅಗ್ರಪೂಜೆ. ಅದನ್ನು ಅರಿತೇ ಬಾಸ್ಟನ್ನಿನ ಚಾರ್ಲಿ ಮರಿಯಾನೊ, ಪಾರ್ಕರ್ ಪ್ರಭಾವದಲ್ಲಿ ಬೆಳೆದ ಸ್ಯಾಕ್ಸೋಫೋನ್ ವಾದಕರು, ನಮ್ಮ ಬೆಂಗಳೂರಿನ ಕರ್ನಾಟಕ ಕಾಲೇಜ್ ಆಫ್ ಪರ್ಕಷನ್ನಿನ ಟಿ. ಎ. ಎಸ್. ಮಣಿ ಮತ್ತು ಆರ್. ಎ. ರಮಾಮಣಿ ಅವರ ಜೊತೆ ಕೂಡಿ ನುಡಿಸಿದರು. 1983ರ ‘ಜ್ಯೋತಿ’ ಅದರ ಫಲ. ರುದ್ರೇಶರ ‘ಬರ್ಡ್ ಕಾಲ್ಸ್’ (2015) ಇನ್ನೂ ಒಳ್ಳೆಯ ನಿದರ್ಶನ. ಪಾರ್ಕರ್ ಅವರಿಗೆ ಸಲ್ಲಿಸಿದ ಆ ಗೌರವದಲ್ಲಿ ಪಾರ್ಕರ್ ನುಡಿಸಿದ್ದ ಒಂದು ರಚನೆಯನ್ನೂ ಇದ್ದ ಹಾಗೆಯೇ ನುಡಿಸಿಲ್ಲ. ಗುರುವಿನ ತುಣುಕುಗಳನ್ನು ಬೀಜವಾಗಿ ಬಿತ್ತಿ, ಐದು ಮಂದಿಯ ಅದೇ ಸಣ್ಣ ಗುಂಪಿನಲ್ಲಿ, ತಮ್ಮದೇ ಬೆಳೆ ತೆಗೆದಿದ್ದಾರೆ. ಗುರುವಿನ ಪಾಠ ಒಪ್ಪಿಸುವುದು ಬೇರೆ, ಗುರುವಿಗೆ ಉತ್ತರ ಕೊಡುವುದು ಬೇರೆ.

ಕೇಳಬೇಕೆನ್ನುವವರಿಗೆ ನನ್ನದೊಂದು ಸಲಹೆ. ಒಂದೇ ಮುದ್ರಣವನ್ನು ಮೂರು ಸಲ ಕೇಳಿ. ಮೊದಲ ಸಲ ಕೆಳಗೆ ನಡೆಯುವ ಬಾಸ್ ತಂತಿಯನ್ನು ಮಾತ್ರ ಹಿಂಬಾಲಿಸಿ, ಎರಡನೆಯ ಸಲ ಡ್ರಮ್ಸ್, ಆಮೇಲೆ ಸ್ಯಾಕ್ಸೋಫೋನ್. ಕಿವಿ ಪಳಗಿದ ಮೇಲೆ 1953ರ ಮೇ 15ರಂದು ಟೊರಾಂಟೊದ ಮ್ಯಾಸಿ ಹಾಲ್‌ನಲ್ಲಿ ನಡೆದ ಕಚೇರಿಯ ಮುದ್ರಣಕ್ಕೆ ಹೋಗಿ. ಅದೇ ರಾತ್ರಿ ಭಾರಿ ಮುಷ್ಟಿಯುದ್ಧದ ಪಂದ್ಯವೊಂದಿದ್ದುದರಿಂದ ಸಭಾಂಗಣ ತುಂಬಿರಲಿಲ್ಲ. ಪಾರ್ಕರ್ ಕೈಯಲ್ಲಿದ್ದದ್ದು ಪ್ಲಾಸ್ಟಿಕ್ಕಿನ ಸ್ಯಾಕ್ಸೋಫೋನ್. ಹಿತ್ತಾಳೆಯೋ ಪ್ಲಾಸ್ಟಿಕ್ಕೋ, ಉಸಿರು ಪಾರ್ಕರ್ ಅವರದೇ ತಾನೇ!

ಈಗ ಆ ಮುಳ್ಳಿನ ವಿಷಯ.

ತೊಂಬತ್ತರ ದಶಕದಲ್ಲಿ ನನ್ನ ತರಗತಿಯಲ್ಲಿ ಓಲಗದ ಮನೆತನದ ಹುಡುಗನೊಬ್ಬನಿದ್ದ. ಹೆಸರು ಬೇಡ. ಮಾಘ, ಫಾಲ್ಗುಣದ ಲಗ್ನದ ಕಾಲ ಬಂತೆಂದರೆ ತಂದೆಯೊಡನೆ ಮದುವೆ ಬ್ಯಾಂಡಿಗೆ ಹೋಗುತ್ತಿದ್ದ. ಹಳೆಯದೊಂದು ಸ್ಯಾಕ್ಸೋಫೋನ್ ಊದುತ್ತಿದ್ದ. ಎಸ್ಸೆಸ್ಸೆಲ್ಸಿ ಪರೀಕ್ಷೆ ಹತ್ತಿರವಿದ್ದಾಗ ಮೂರು ದಿನ ಬಾರದೆ ನಾಲ್ಕನೆಯ ದಿನ ಬಂದವನನ್ನು ಇಡೀ ತರಗತಿಯ ಎದುರು ನಿಲ್ಲಿಸಿ, “ಪೀಪಿ ಊದಿಕೊಂಡು ಬೀದಿ ಬೀದಿ ಅಲೀತೀಯೋ, ಓದಿ ಮನುಷ್ಯ ಆಗ್ತೀಯೋ?” ಎಂದು ಕೇಳಿದೆ. ಮಕ್ಕಳು ನಕ್ಕರು. ಅವನು ತಲೆ ತಗ್ಗಿಸಿ ನಿಂತ. ಅವನು ಏನು ನುಡಿಸುತ್ತಾನೆಂದು ನಾನು ಒಂದು ದಿನವೂ ಕೇಳಿದವನಲ್ಲ.

ಕೆಲವು ವರ್ಷಗಳ ಹಿಂದೆ ಮಂಡ್ಯದ ಛತ್ರವೊಂದರ ಮದುವೆಯಲ್ಲಿ ಅವನು ಸಿಕ್ಕಿದ. ಒಳ್ಳೆಯ ಕೆಲಸದಲ್ಲಿದ್ದಾನೆ, ಮಕ್ಕಳು ಓದುತ್ತಿದ್ದಾರೆ. ಕಾಲಿಗೆ ನಮಸ್ಕರಿಸಿ, “ನೀವು ಅವತ್ತು ಬೈದಿದ್ದಕ್ಕೇ ನಾನು ಉದ್ಧಾರ ಆದೆ ಸಾರ್. ಆಮೇಲೆ ವಾದ್ಯ ಮುಟ್ಟಲೇ ಇಲ್ಲ. ನಮ್ಮಪ್ಪ ಅದನ್ನ ಮಾರಿಬಿಟ್ಟರು” ಎಂದ. ಕೃತಜ್ಞತೆಯಿಂದಲೇ ಹೇಳಿದ. ಪಕ್ಕದಲ್ಲಿ ಆಳೆತ್ತರದ ಸ್ಪೀಕರುಗಳು ಅಬ್ಬರಿಸುತ್ತಿದ್ದವು. ಓಲಗದವರು ಯಾರೂ ಇರಲಿಲ್ಲ. ನನಗೆ ಅಂದು ಊಟ ಸೇರಲಿಲ್ಲ.

ಓದು ಎಂದದ್ದು ತಪ್ಪಲ್ಲ. ಈಗಲೂ ಹಾಗೆಯೇ ಹೇಳುತ್ತೇನೆ. ಓಲಗದವರನ್ನು ಹಸಿವಿನಲ್ಲಿಟ್ಟು, ಪಂಕ್ತಿಯ ಆಚೆ ಕೂರಿಸಿದ ಸಮಾಜ ನಮ್ಮದು. ಅದರಿಂದ ಬಿಡಿಸಿಕೊಳ್ಳಲು ಅವನಿಗೆ ವಿದ್ಯೆ ಬೇಕಾಗಿತ್ತು. ಆದರೆ ಓದಿಗೂ ವಾದ್ಯಕ್ಕೂ ನಡುವೆ ಗೋಡೆ ಕಟ್ಟಿದ್ದು, ಅವನ ತಂದೆಯ ವಿದ್ಯೆಯನ್ನು ‘ಪೀಪಿ’ ಎಂದು ಹೀಯಾಳಿಸಿದ್ದು ನನ್ನ ತಪ್ಪು. ನಾಗಸ್ವರದ ಮನೆಯ ಇನ್ನೊಬ್ಬ ಹುಡುಗ ಅದೇ ಬ್ಯಾಂಡಿನ ವಾದ್ಯವನ್ನು ಹಿಡಿದು 2004ರಲ್ಲಿ ಪದ್ಮಶ್ರೀಯವರೆಗೆ ನಡೆದದ್ದನ್ನು ಪತ್ರಿಕೆಯಲ್ಲಿ ಓದಿ ಹೆಮ್ಮೆಪಟ್ಟವನೂ ಇದೇ ನಾನು! ಬರೆಸಿದ ನೋಟ್ಸನ್ನು ಅಕ್ಷರ ಬಿಡದೆ ಒಪ್ಪಿಸಿದವರಿಗೆ ಪೂರ್ತಿ ಅಂಕ ಕೊಟ್ಟೆ. ಸ್ವಂತ ವಾಕ್ಯ ಬರೆಯಲು ಹೋಗಿ ಎಡವಿದವರಿಗೆ ಕೆಂಪು ಶಾಯಿ ಬಳಿದೆ. ಈ ಮಾತನ್ನು ಓದುವವರಲ್ಲಿ ನನ್ನ ಕೆಂಪು ಶಾಯಿ ಕಂಡವರು ಬಹಳ ಮಂದಿ ಇದ್ದೀರಿ.

ಅವನೂ ಇದನ್ನು ಓದುತ್ತಾನೆಂದು ಬಲ್ಲೆ. ಮಗು, ಅಂದು ತರಗತಿಯ ಎದುರು ಆಡಿದ ಮಾತನ್ನು ಇಂದು ಎಲ್ಲರ ಎದುರಿಗೇ ಹಿಂದಕ್ಕೆ ಪಡೆಯುತ್ತಿದ್ದೇನೆ. ಉಸಿರು ಇನ್ನೂ ಗಟ್ಟಿಯಾಗಿದ್ದರೆ ಮತ್ತೆ ಹಿಡಿ. ಮಕ್ಕಳಿಗೂ ಹಿಡಿಸು.

ಉಳಿದವರಲ್ಲಿ ಒಂದು ಬಿನ್ನಹ. ನಮ್ಮ ಹೋಬಳಿಯ ಹಳ್ಳಿಗಳಲ್ಲಿ ಓಲಗ ಊದುವ ಹಿರಿಯರು ಇನ್ನೂ ಅಲ್ಲೊಬ್ಬರು ಇಲ್ಲೊಬ್ಬರು ಇದ್ದಾರೆ. ಹಬ್ಬಕ್ಕೆ ಊರಿಗೆ ಬಂದಾಗ ಅವರೆದುರು ಕುಳಿತು ನಿಮ್ಮ ಫೋನಿನಲ್ಲಿ ಮುದ್ರಿಸಿಕೊಳ್ಳಿ. ಯಾರು, ಯಾವ ಊರು, ಯಾವ ದಿನ ಎಂಬುದನ್ನು ಬರೆದಿಡಿ. ಕೈಗೆ ಮರ್ಯಾದೆಯ ಸಂಭಾವನೆ ಇಡಿ. ಹಾರ್ಲೆಮ್‌ನ ಆ ಎರಡು ವರ್ಷ ಗಾಳಿಗೆ ಹೋದದ್ದಕ್ಕೆ ಮುಷ್ಕರ ಕಾರಣವಾಯಿತು. ನಮ್ಮಲ್ಲಿ ಯಾವ ಮುಷ್ಕರವೂ ಇಲ್ಲ. ಇರುವುದು ಉದಾಸೀನ ಮಾತ್ರ. ಒಂದೊಂದು ವಾದ್ಯಕ್ಕೆ ಮೂರು ನಿಮಿಷ ಸಾಕು.