ನಲವತ್ತೈದು ತುಂಬದಿದ್ದರೆ ಆಕೆ ಇಲ್ಲವೇ?



ಭರತ ಹುಣ್ಣಿಮೆ ಬಂತೆಂದರೆ ನಿಮ್ಮೆಲ್ಲರ ಕಿವಿ ಮೈಲಾರದ ಕಡೆಗೆ. ಹೂವಿನಹಡಗಲಿ ತಾಲ್ಲೂಕಿನ ಆ ಊರಲ್ಲಿ ಗೊರವಯ್ಯ ಬಿಲ್ಲನ್ನೇರಿ ಕಾರಣಿಕ ನುಡಿಯುತ್ತಾನೆ. ಮಳೆ ಬರುತ್ತದೋ, ಸರ್ಕಾರ ಬೀಳುತ್ತದೋ ಎಂದು ಬೆಂಗಳೂರಿನ ಟೀ ಅಂಗಡಿಯಲ್ಲೂ ಚರ್ಚೆ. ಅದೇ ಹುಣ್ಣಿಮೆಗೆ ಪಕ್ಕದ ಹರಪನಹಳ್ಳಿ ತಾಲ್ಲೂಕಿನ ಉಚ್ಚಂಗಿದುರ್ಗವನ್ನೂ ಜನ ಹತ್ತುತ್ತಾರೆ. ಅಲ್ಲಿ ಉಚ್ಚಂಗೆಮ್ಮನ ಹೆಸರಲ್ಲಿ ತಲೆಮಾರುಗಳಿಂದ ಹೆಣ್ಣುಮಕ್ಕಳಿಗೆ ಮುತ್ತು ಕಟ್ಟಿದ್ದಾರೆ. ಮೈ ನೆರೆಯುವ ಮೊದಲೇ ಕಟ್ಟಿದ್ದಾರೆ. ಆ ಹುಡುಗಿಯ ಮುಂದಿನ ಬದುಕು ಏನಾಗುತ್ತದೆಂದು ಹೇಳಲು ಯಾವ ಕಾರಣಿಕವೂ ಬೇಕಿರಲಿಲ್ಲ. ಊರಿಗೆಲ್ಲ ಗೊತ್ತಿತ್ತು.

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ. ಈಗ ವಿಜಯನಗರ ಜಿಲ್ಲೆಗೆ ಸೇರಿರುವ ಈ ಐದು ತಾಲ್ಲೂಕುಗಳ ಕೇರಿಗಳಲ್ಲಿ ದೇವದಾಸಿ ಎನ್ನುವುದು ಪುಸ್ತಕದ ಮಾತಲ್ಲ. ಅವಳು ಯಾರದೋ ಅಕ್ಕ, ಯಾರದೋ ಅವ್ವ. ಬಳ್ಳಾರಿ ಸೀಮೆಯಲ್ಲಿ ಆಕೆಗೆ ಬಸವಿ ಎಂಬ ಹೆಸರೂ ಇದೆ. ಬಸವಿಯನ್ನು ಏಕೆ ಬಿಡುತ್ತಿದ್ದರು? ತಲೆಯಲ್ಲಿ ಜಡೆ ಕಟ್ಟಿತು, ಹರಕೆ ಇತ್ತು, ದೇವಿ ಬೇಡಿದಳು ಎಂದು ಹೇಳುವುದುಂಟು. ಆದರೆ ಹಿಂದಿರುವ ಲೆಕ್ಕ ದೇವಿಯದಲ್ಲ, ಮನೆಯದು. ಮನೆಯಲ್ಲಿ ಗಂಡುಮಗ ಇಲ್ಲ. ಮಗಳು ಮದುವೆಯಾಗಿ ಹೋದರೆ ಮುದಿ ತಂದೆತಾಯಿಗೆ ಅನ್ನ ಹಾಕುವವರಾರು? ಸತ್ತರೆ ಕ್ರಿಯೆ ಮಾಡುವವರಾರು? ಅಂಗೈಯಗಲದ ಹೊಲ ಯಾರಿಗೆ? ಅದಕ್ಕೆ ಮಗಳನ್ನೇ ಮಗನನ್ನಾಗಿ ಮಾಡಿದರು. ಮಗನ ಹಕ್ಕನ್ನೂ ಕೊಟ್ಟರು, ಮಗನ ಹೊರೆಯನ್ನೂ ಕೊಟ್ಟರು. ಆದರೆ ಮಗನಾದವನು ರಾತ್ರಿ ಯಾರಿಗೂ ಬಾಗಿಲು ತೆಗೆಯಬೇಕಿಲ್ಲ. ಇವಳು ತೆಗೆಯಬೇಕಿತ್ತು!

ಮುಪ್ಪಿನ ಭಯಕ್ಕೆ ಎಳೆಯ ಮೈಯನ್ನು ಒತ್ತೆ ಇಡುವ ವ್ಯವಹಾರ ಇದು. ಆ ಬಡ ತಂದೆತಾಯಿಯನ್ನಷ್ಟೇ ಬೈದು ಕೈತೊಳೆದುಕೊಳ್ಳಬೇಡಿ. ಮುತ್ತು ಕಟ್ಟಿಸಿಕೊಂಡವರಲ್ಲಿ ಬಹುಪಾಲು ದಲಿತರ ಕೇರಿಯ ಹುಡುಗಿಯರು. ಬಾಗಿಲು ತಟ್ಟುತ್ತಿದ್ದವರು ಬೇರೆ ಓಣಿಯವರು, ಹೊಲ ಇದ್ದವರು, ಪಂಚಾಯ್ತಿ ಕಟ್ಟೆಯ ಮೇಲೆ ಕುಳಿತು ನ್ಯಾಯ ಹೇಳುವವರು. ಹಗಲಲ್ಲಿ ಮೈಲಿಗೆ, ರಾತ್ರಿಯಲ್ಲಿ ಮಡಿ!

ಕಾನೂನು ಇರಲಿಲ್ಲವೇ ಎಂದು ಕೇಳುತ್ತೀರಿ. ಇತ್ತು, ಬೇಕಾದಷ್ಟಿತ್ತು. ಈ ಸೀಮೆ ಮದ್ರಾಸ್ ಪ್ರಾಂತ್ಯಕ್ಕೆ ಸೇರಿದ್ದಾಗಲೇ, 1947ರಲ್ಲಿ, ಮದ್ರಾಸ್ ಸರ್ಕಾರ ಮುತ್ತು ಕಟ್ಟುವುದನ್ನು ನಿಷೇಧಿಸಿತು. 1953ರಲ್ಲಿ ಬಳ್ಳಾರಿ ಮೈಸೂರಿಗೆ ಬಂತು. ನಾವು ಹಬ್ಬ ಮಾಡಿದೆವು. 1982ರಲ್ಲಿ ಕರ್ನಾಟಕ ತನ್ನದೇ ಕಾಯ್ದೆ ಮಾಡಿತು, 1984ರಲ್ಲಿ ಅದು ಜಾರಿಗೆ ಬಂತು. ಮುತ್ತು ಕಟ್ಟಿಸಿದ ತಂದೆತಾಯಿಗೆ ಐದು ವರ್ಷದವರೆಗೆ ಜೈಲು ಎಂದು ಅದರಲ್ಲಿ ಬರೆದಿತ್ತು. ಬಾಗಿಲು ತಟ್ಟಿದವನಿಗೆ ಏನೆಂದು ಕೇಳುವವರು ಯಾರೂ ಇರಲಿಲ್ಲ. ಕಾಯ್ದೆ ಬಂದು ಮೂವತ್ತು ವರ್ಷವಾದ ಮೇಲೆ, 2014ರ ಭರತ ಹುಣ್ಣಿಮೆಯ ಹೊತ್ತಿಗೆ, ಏನಾಯಿತು ನೋಡಿ. ಹರಪನಹಳ್ಳಿ ಆಗ ದಾವಣಗೆರೆ ಜಿಲ್ಲೆಯಲ್ಲಿತ್ತು. ಆ ಜಿಲ್ಲೆಯ ಗುಡಿಯೊಂದರಲ್ಲಿ ಆ ರಾತ್ರಿ ಮುತ್ತು ಕಟ್ಟದಂತೆ ತಡೆಯಿರಿ ಎಂದು ದೆಹಲಿಯಲ್ಲಿ ಕುಳಿತ ಸುಪ್ರೀಂ ಕೋರ್ಟು ನಮ್ಮ ಮುಖ್ಯ ಕಾರ್ಯದರ್ಶಿಗೆ ಹೇಳಬೇಕಾಯಿತು. ನಾಚಿಕೆ ಯಾರಿಗಾಗಬೇಕು?

ಇನ್ನು ಸರ್ಕಾರದ ಲೆಕ್ಕದ ಪುಸ್ತಕಕ್ಕೆ ಬನ್ನಿ. ನಮ್ಮ ತಕರಾರು ಇರುವುದೇ ಇಲ್ಲಿ. 1993-94ರಲ್ಲಿ ಒಮ್ಮೆ ಸಮೀಕ್ಷೆ, 2007-08ರಲ್ಲಿ ಮತ್ತೊಮ್ಮೆ. ಎರಡನೆಯದು ಮುಗಿದಾಗ ರಾಜ್ಯದಲ್ಲಿ 46,660 ಮಂದಿ ಎಂಬ ಸಂಖ್ಯೆ ನಿಂತಿತು. ಆ ಪಟ್ಟಿಯಲ್ಲಿ ಹೆಸರಿದ್ದು, ವಯಸ್ಸು ನಲವತ್ತೈದು ದಾಟಿದ್ದರೆ ಮಾಸಾಶನ. ಇದು ಇಷ್ಟು ವರ್ಷ ನಡೆದುಕೊಂಡು ಬಂದ ಕಟ್ಟಳೆ. 2025ರ ಬಜೆಟ್ಟಿನಲ್ಲಿ ಅದನ್ನು ತಿಂಗಳಿಗೆ 2,000 ರೂಪಾಯಿಗೆ ಏರಿಸುವುದಾಗಿ ಹೇಳಿದರು. ಒಂದು ಮನೆಯ ಅಕ್ಕಿಬೇಳೆಗೆ ಸಾಲದ ಹಣ, ಇರಲಿ.

ನಲವತ್ತೈದೇ ಏಕೆ? ಬೆರಳು ಮಡಚಿ ಎಣಿಸಿ. 2025ರಲ್ಲಿ ನಲವತ್ತೈದು ತುಂಬಿದವಳು ಹುಟ್ಟಿದ್ದು 1980ರಲ್ಲಿ. ಕಾಯ್ದೆ ಜಾರಿಯಾದಾಗ ಅವಳಿಗೆ ನಾಲ್ಕು ವರ್ಷ. ಅವಳಿಗಿಂತ ಚಿಕ್ಕವಳ ಕೊರಳಲ್ಲಿ ಬಿಳಿ ಕೆಂಪು ಮಣಿ ಇದೆಯೆಂದರೆ ಅದನ್ನು ಕಟ್ಟಿದ್ದು ಕಾಯ್ದೆ ಬಂದ ಮೇಲೆಯೇ ಇರಬೇಕು. ಅಂಥವಳ ಹೆಸರು ಬರೆದುಕೊಂಡರೆ ಒಂದೊಂದು ಹೆಸರೂ ಒಂದೊಂದು ಪೊಲೀಸ್ ಕೇಸು. ಆಗ ತಹಸೀಲ್ದಾರರೆಲ್ಲಿದ್ದರು, ಠಾಣೆಯವರೆಲ್ಲಿದ್ದರು ಎಂದು ಕೇಳಬೇಕಾಗುತ್ತದೆ. ಅದಕ್ಕಿಂತ ಅವಳೇ ಇಲ್ಲ ಎನ್ನುವುದು ಸುಲಭ. ನಲವತ್ತರ ಹೆಂಗಸು ಮಕ್ಕಳನ್ನು ಕಟ್ಟಿಕೊಂಡು ಬೆಂಗಳೂರಿನ ಕಟ್ಟಡ ಕೆಲಸಕ್ಕೋ, ಮಲೆನಾಡಿನ ಕಾಫಿ ತೋಟಕ್ಕೋ ಗುಳೆ ಹೋಗುತ್ತಾಳೆ. ಸರ್ಕಾರದ ಕಣ್ಣಿಗೆ ಕಾಣಬೇಕಾದರೆ ಅವಳು ಬೇಗ ಮುದುಕಿಯಾಗಬೇಕು! ಹುಡುಗಿಯಾಗಿದ್ದಾಗ ತೀರಾ ಚಿಕ್ಕವಳು ಎಂದು ಯಾರೂ ಬಿಡಲಿಲ್ಲ, ಈಗ ಇನ್ನೂ ಚಿಕ್ಕವಳು ಎನ್ನುತ್ತಾರೆ.

2025ರಲ್ಲಿ ವಿಧಾನಮಂಡಲ ಹೊಸ ಮಸೂದೆಗೆ ಒಪ್ಪಿಗೆ ಕೊಟ್ಟಿತು. ದೇವದಾಸಿಯ ಮಕ್ಕಳನ್ನು ಅಪ್ಪನ ಹೆಸರು ಹೇಳೆಂದು ಪೀಡಿಸುವಂತಿಲ್ಲ. ಮಕ್ಕಳೇ ಬಯಸಿದರೆ ಅಪ್ಪ ಯಾರೆಂದು ಸಾಬೀತು ಮಾಡಬಹುದು, ಆಸ್ತಿಯಲ್ಲಿ ಪಾಲು ಕೇಳಬಹುದು ಎಂದು ಅದು ಹೇಳುತ್ತದೆ. ಒಳ್ಳೆಯ ಮಾತು, ಸ್ವಾಗತ. ಆದರೆ ಹಳ್ಳಿಯ ಗೌಡನ ಮೇಲೆ ಅರ್ಜಿ ಹಾಕಿ ಅದೇ ಹಳ್ಳಿಯಲ್ಲಿ ನೀರು ಹಿಡಿಯಬೇಕಾದ ಹೆಣ್ಣಿಗೆ ಯಾರು ಆಸರೆ? ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತದಲ್ಲಿ ಪಾಲು ಕೊಡುವ ತಿದ್ದುಪಡಿ ಕರ್ನಾಟಕದಲ್ಲಿ 1994ರಲ್ಲೇ ಬಂತು, ದೇಶಕ್ಕೆಲ್ಲ 2005ರಲ್ಲಿ. ಹೊಲ ಪಡೆಯಲು ಮಗಳು ಬಸವಿಯಾಗಬೇಕಿಲ್ಲ ಎಂಬ ಈ ಸಂಗತಿಯನ್ನು ಕೂಡ್ಲಿಗಿಯ ಕೇರಿಯಲ್ಲಿ ನಿಂತು ಯಾರು ಹೇಳಿದರು?

ಗೆಳೆಯರೇ, ನಿಮ್ಮ ಬಾಯಿಗೂ ಒಂದು ಮಾತು. ನವೆಂಬರಿನಲ್ಲಿ ಹಳದಿ ಕೆಂಪು ಶಾಲು ಹೊದ್ದು ಕನ್ನಡಕ್ಕೆ ಜೈ ಎನ್ನುವ ನಾಲಿಗೆಯೇ, ಬೈಕಿಗೆ ಆಟೋ ತಗುಲಿದೊಡನೆ, ಎದುರಿನವನ ತಾಯಿಯನ್ನು ಈ ಹೆಂಗಸರ ಸಾಲಿಗೆ ಸೇರಿಸಿ ಬೈಯುತ್ತದೆ. ಆ ಬೈಗುಳವನ್ನು ಕೇಳಿಕೊಂಡೇ ಬೆಳೆದ ಕೊಟ್ಟೂರಿನ ಹುಡುಗನೊಬ್ಬ ನಿಮ್ಮ ಕಾಲೇಜಿನ ಹಾಸ್ಟೆಲಿನಲ್ಲೇ ಇರಬಹುದು. ಅವನೂ ಕನ್ನಡಿಗನೇ.

ಕೆಲಸ ಏನೆಂದು ಕೇಳುವವರಿಗೆ ಇಲ್ಲಿದೆ. ನಿಮ್ಮ ಕಾಲೇಜಿನ ಆಫೀಸಿಗೆ ಹೋಗಿ ಪ್ರವೇಶದ ಫಾರಂ ತೆಗೆದು ನೋಡಿ. ತಂದೆಯ ಹೆಸರು ತುಂಬದಿದ್ದರೆ ಪಡೆಯುವುದಿಲ್ಲ ಎಂದರೆ ಪ್ರಿನ್ಸಿಪಾಲರಿಗೆ ಕನ್ನಡದಲ್ಲೇ ಅರ್ಜಿ ಬರೆದು ಸಹಿ ಮಾಡಿಸಿ ಕೊಡಿ. ನಲವತ್ತೈದರ ಗೆರೆ ಅಳಿಸಿ ಎಂದು ಮಹಿಳೆ ಮತ್ತು ಮಕ್ಕಳ ಅಭಿವೃದ್ಧಿ ಇಲಾಖೆಗೆ ಪತ್ರ ಹಾಕಿ, ಪ್ರತಿ ನಮಗೂ ಕಳಿಸಿ. ಆ ಐದು ತಾಲ್ಲೂಕಿನ ಊರುಗಳಿಂದ ಬಂದವರು ನಿಮ್ಮಲ್ಲಿ ಬಹಳ ಮಂದಿ ಇದ್ದೀರಿ. ಮುಂದಿನ ಭರತ ಹುಣ್ಣಿಮೆಗೆ ಊರಿಗೆ ಹೋಗಿ. ಯಾವುದಾದರೂ ಮನೆಯಲ್ಲಿ ಹತ್ತು ಹನ್ನೆರಡರ ಹುಡುಗಿಗೆ ಹೊಸ ಸೀರೆ ತಂದಿದ್ದಾರೆಂಬ ಸುದ್ದಿ ಕಿವಿಗೆ ಬಿದ್ದರೆ, ನಮ್ಮೂರಿನ ಮರ್ಯಾದೆ ಎಂದು ಸುಮ್ಮನಿರಬೇಡಿ. ಮಕ್ಕಳ ಸಹಾಯವಾಣಿಯ ಸಂಖ್ಯೆ 1098. ಆ ಹೊತ್ತಿಗೇ ಫೋನ್ ಮಾಡಿ, ಬೆಳಗಾಗುವವರೆಗೆ ಕಾಯಬೇಡಿ.