ಪರಗೃಹದಲ್ಲಿ ವಿದ್ಯಾರಂಭ

ಪಂಜಾಬಿನ ರೋಪಡದಲ್ಲಿ ಐಐಟಿಯೊಂದನ್ನು ಸ್ಥಾಪಿಸಲು ಕೇಂದ್ರ ಸರ್ಕಾರ ನಿಶ್ಚಯಿಸಿ, ಕಟ್ಟಡವಾಗಲಿ ಪ್ರಯೋಗಶಾಲೆಯಾಗಲಿ ಏಳುವುದಕ್ಕೆ ಮುಂಚೆಯೇ 2008ರಲ್ಲಿ ಪ್ರವೇಶ ನೀಡಿದಾಗ, ಆ ಪ್ರಥಮ ತಂಡದ ವಿದ್ಯಾರ್ಥಿಗಳು ಸಟ್ಲೆಜ್ ತೀರಕ್ಕೆ ಹೋಗದೆ ದೆಹಲಿಯ ಹೌಜ್ ಖಾಸಿಗೆ ಬಂದಿಳಿದರು. ಮಾರ್ಗದರ್ಶಕ ಸಂಸ್ಥೆಯಾಗಿ ನಿಯುಕ್ತವಾಗಿದ್ದ ದೆಹಲಿ ಐಐಟಿಯ ಆವರಣದಲ್ಲಿಯೇ ಅವರ ಮೊದಲ ವರ್ಷದ ಪಾಠಗಳು ನಡೆದವು. ರೋಪಡದ ತಾತ್ಕಾಲಿಕ ಕಟ್ಟಡಕ್ಕೆ ಅವರು ತೆರಳಿದುದು 2009ರಲ್ಲಿ. ಅದೇ 2008ರಲ್ಲಿ ಆರಂಭವಾದ ದೆಹಲಿಯ ಐಐಐಟಿಯೂ ದ್ವಾರಕೆಯ ನೇತಾಜಿ ಸುಭಾಷ್ ತಾಂತ್ರಿಕ ಸಂಸ್ಥೆಯ ಆಶ್ರಯದಲ್ಲಿ ನಾಲ್ಕು ವರ್ಷ ಕಳೆದು, 2012ರಲ್ಲಿ ಓಖ್ಲಾದ ಸ್ವಂತ ನೆಲೆಯನ್ನು ಸೇರಿತು. ದೆಹಲಿ ಎನ್‌ಐಟಿಯ ವೃತ್ತಾಂತವಂತೂ ಇನ್ನೂ ವಿಲಕ್ಷಣವಾದುದು: 2010ರಲ್ಲಿ ಅದರ ಮೊದಲ ವಿದ್ಯಾರ್ಥಿಗಳು ರಾಜಧಾನಿಯ ಹೆಸರನ್ನು ಹೊತ್ತು, ಸಾವಿರ ಕಿಲೋಮೀಟರಿಗೂ ದೂರದ ತೆಲುಗು ನಾಡಿನ ವಾರಂಗಲ್ಲಿನಲ್ಲಿ ಓದು ತೊಡಗಿದರು.

ಸೂರಿಲ್ಲದ ಸಂಸ್ಥೆ ವಿದ್ಯಾರ್ಥಿಗಳನ್ನು ಸೇರಿಸಿಕೊಳ್ಳುವುದು ಅವಿವೇಕವೆಂದು ಆಕ್ಷೇಪಿಸುವ ತಂದೆತಾಯಿಗಳ ಆತಂಕ ಸಹಜವಾದುದೇ. ಆದರೂ ಆ ವಾದವನ್ನು ನಾನು ಒಪ್ಪಲಾರೆ. ಸಾರ್ಕ್ ರಾಷ್ಟ್ರಗಳು ಕೂಡಿ ಸ್ಥಾಪಿಸಿದ ದಕ್ಷಿಣ ಏಷ್ಯಾ ವಿಶ್ವವಿದ್ಯಾಲಯವು 2010ರಲ್ಲಿ ಜೆಎನ್‌ಯು ಆವರಣದಲ್ಲಿ ಪ್ರಾರಂಭವಾಗಿ, ಅನಂತರ ಚಾಣಕ್ಯಪುರಿಯ ಅಕ್ಬರ್ ಭವನದಲ್ಲಿ ಬಹುಕಾಲ ನೆಲೆಸಿ, ಮೈದಾನ್ ಗಢಿಯ ಸ್ವಂತ ಆವರಣವನ್ನು ಸೇರುವ ವೇಳೆಗೆ 2023ನೆಯ ಇಸವಿ ಬಂದಿತ್ತು. ನಮ್ಮ ಧಾರವಾಡದ ಐಐಟಿಯೂ 2016ರಿಂದ ಜಲ ಮತ್ತು ನೆಲ ನಿರ್ವಹಣಾ ಸಂಸ್ಥೆಯಾದ ವಾಲ್ಮಿಯ ಕಟ್ಟಡಗಳಲ್ಲಿ ಪಾಠ ನಡೆಸಿತು, ಅದರ ಶಾಶ್ವತ ಆವರಣ ಉದ್ಘಾಟನೆಗೊಂಡುದು 2023ರ ಮಾರ್ಚಿನಲ್ಲಿ. ಗೋಡೆಯ ಗಾರೆ ಒಣಗುವವರೆಗೂ ಕಾಯತಕ್ಕದ್ದೆಂದಿದ್ದರೆ ಎಷ್ಟು ತಂಡಗಳ ತಾರುಣ್ಯ ಈ ವಿದ್ಯೆಯಿಂದ ವಂಚಿತವಾಗುತ್ತಿತ್ತು! ದಕ್ಷಿಣ ಏಷ್ಯಾ ವಿಶ್ವವಿದ್ಯಾಲಯಕ್ಕೆ ಅಂದು ಆಶ್ರಯವಿತ್ತ ಜೆಎನ್‌ಯು ಕೂಡ ತನ್ನ ಆರಂಭದ ದಿನಗಳಲ್ಲಿ, ಆಡಳಿತಾಧಿಕಾರಿಗಳ ತರಬೇತಿಯ ಅಕಾಡೆಮಿಗೆಂದು ಕಟ್ಟಿದ್ದ ಕಟ್ಟಡಗಳಲ್ಲಿಯೇ ಬೆಳೆದ ಸಂಸ್ಥೆಯೆಂಬುದನ್ನು ಇಲ್ಲಿ ನೆನೆಯುವುದು ಉಚಿತ.

ಆದುದರಿಂದ ನನ್ನ ಕಳವಳ ಕಟ್ಟಡದ್ದಲ್ಲ, ಹಕ್ಕಿನದು. ಕೊರಳಿನ ಗುರುತಿನ ಚೀಟಿಯಲ್ಲಿ ಒಂದು ಸಂಸ್ಥೆಯ ಹೆಸರು, ಮಲಗುವ ಹಾಸ್ಟೆಲಿನ ಹೆಬ್ಬಾಗಿಲಿನ ಮೇಲೆ ಮತ್ತೊಂದರ ಹೆಸರು. ಗ್ರಂಥಾಲಯದ ಮೇಜಿನ ಬಳಿ ಚೀಟಿ ತೋರಿಸಿದಾಗ ಗುಮಾಸ್ತರು ಅದನ್ನು ತಿರುಗಿಸಿ ಮುರುಗಿಸಿ ನೋಡಿ, ಪುಸ್ತಕವನ್ನು ಇಲ್ಲಿಯೇ ಕುಳಿತು ಓದಬಹುದೇ ಹೊರತು ಕೋಣೆಗೆ ಒಯ್ಯುವಂತಿಲ್ಲವೆಂದುಬಿಟ್ಟರೆ, ಹದಿನೆಂಟು ವರ್ಷದ ಜೀವ ಆ ಕ್ಷಣದಲ್ಲಿ ತಾನು ಅತಿಥಿಯೋ ವಿದ್ಯಾರ್ಥಿಯೋ ಎಂಬ ಸಂದೇಹಕ್ಕೆ ಬೀಳುತ್ತದೆ. ಆತಿಥೇಯರ ಸ್ವಂತ ತರಗತಿಗಳ ಸರದಿ ಮುಗಿದು, ಪ್ರಯೋಗಶಾಲೆಯ ಸಹಾಯಕರು ಮನೆಗೆ ಹೊರಡುವ ಹೊತ್ತಿನಲ್ಲಿ ದೊರೆಯುವ ಒಂದು ಗಂಟೆಯನ್ನು ವೇಳಾಪಟ್ಟಿಯಲ್ಲಿ ಪೂರ್ಣ ಪ್ರಾಕ್ಟಿಕಲ್ ಎಂದು ಬರೆದುಕೊಳ್ಳುವುದು ಯಾವ ನ್ಯಾಯ? ಆಶ್ರಯವೆಂದ ಮೇಲೆ ಅದು ಸಂಪೂರ್ಣವಾಗಿರಬೇಕು.

ಇದಕ್ಕಿಂತಲೂ ಗಹನವಾದ ಕೊರತೆ ಮತ್ತೊಂದಿದೆ. ಪ್ರಥಮ ತಂಡಕ್ಕೆ ಸೀನಿಯರ್‌ಗಳೆಂಬವರಿಲ್ಲ. ಗೆರೆ ಎಳೆದ ಹಳೆಯ ಪಠ್ಯಪುಸ್ತಕವನ್ನು ಕೈಗಿಡುವವರು, ಯಾವ ಅಧ್ಯಾಪಕರ ಬಾಗಿಲನ್ನು ಸಂಕೋಚವಿಲ್ಲದೆ ತಟ್ಟಬಹುದೆಂದು ಹೇಳುವವರು, ಮೊದಲ ಮಿಡ್‌ಟರ್ಮಿನಲ್ಲಿ ಅಂಕ ಕುಸಿದಾಗ ತಮ್ಮದೂ ಹೀಗೆಯೇ ಕುಸಿದಿತ್ತೆಂದು ಭುಜ ತಟ್ಟುವವರು, ಇವರಾರೂ ಸಂಸ್ಥೆಯ ಒಳಗಿಲ್ಲ. ಕೊಪ್ಪಳದಿಂದಲೋ ಸಾಗರದಿಂದಲೋ ಹಿಂದಿಯನ್ನು ತಡವರಿಸುತ್ತ ಬಂದ ವಿದ್ಯಾರ್ಥಿನಿಗೆ, ಸೆಕೆ ಇಳಿಯದ ಆಗಸ್ಟಿನಿಂದ ಹೊಗೆಮಂಜು ಕವಿಯುವ ನವೆಂಬರಿನವರೆಗಿನ ಆ ಒಂದು ಸೆಮಿಸ್ಟರು ಇಮ್ಮಡಿ ದೀರ್ಘವಾಗಿ ತೋರುವುದರಲ್ಲಿ ಆಶ್ಚರ್ಯವೇನು? ಈ ತೆರವನ್ನು ಆತಿಥೇಯ ಸಂಸ್ಥೆಯ ಹಿರಿಯ ವಿದ್ಯಾರ್ಥಿಗಳು ತುಂಬಬಲ್ಲರು. ಆದರೆ ಅದನ್ನು ಅವರ ಸೌಜನ್ಯಕ್ಕೆ ಬಿಡದೆ, ಪ್ರತಿಯೊಬ್ಬ ಹೊಸಬರಿಗೂ ಒಬ್ಬ ಹಿರಿಯರನ್ನು ನಿಯಮಪೂರ್ವಕ ಗೊತ್ತುಮಾಡಬೇಕು. ಹೌಜ್ ಖಾಸಿನಿಂದ ಬಹುದೂರವಿಲ್ಲದ ರಾಮಕೃಷ್ಣಪುರದಲ್ಲಿ ದೆಹಲಿ ಕರ್ನಾಟಕ ಸಂಘವಿದೆ. ಪ್ರತಿ ಆಗಸ್ಟಿನಲ್ಲಿಯೂ ಹೊಸದಾಗಿ ಬಂದ ಕನ್ನಡದ ಮಕ್ಕಳನ್ನು ಒಂದು ಸಂಜೆ ಅಲ್ಲಿ ಕೂಡಿಸಿ, ರಾಜಧಾನಿಯಲ್ಲಿ ದಶಕಗಳಿಂದ ನೆಲೆಸಿದ ಕುಟುಂಬಗಳ ಪರಿಚಯ ಮಾಡಿಕೊಟ್ಟರೆ ಎಷ್ಟೋ ತಾಯಂದಿರು ನೆಮ್ಮದಿಯಿಂದ ನಿದ್ರಿಸಿಯಾರು.

ಸಂಸ್ಥೆಗಳಿಂದ ನಾನು ಕೇಳುವುದು ಒಂದು ಪತ್ರ ಮಾತ್ರ. ಮೊದಲ ಸೆಮಿಸ್ಟರು ಯಾವ ಊರಿನಲ್ಲಿ, ಯಾರ ಆವರಣದಲ್ಲಿ ನಡೆಯುವುದು, ಅಲ್ಲಿನ ವಾಸ ಯಾವ ತಿಂಗಳಿನವರೆಗೆ, ಪುಸ್ತಕವನ್ನು ಮನೆಗೊಯ್ಯುವ ಅಧಿಕಾರವುಂಟೆ, ಪ್ರಯೋಗಶಾಲೆಯ ಗಂಟೆಗಳೆಷ್ಟು, ರಾತ್ರಿ ಜ್ವರ ಬಂದರೆ ಯಾವ ವಾರ್ಡನ್ನರಿಗೆ ತಿಳಿಸಬೇಕು ಎಂಬಿಷ್ಟನ್ನೂ ಅದರಲ್ಲಿ ಸ್ಪಷ್ಟವಾಗಿ ಬರೆದು, ಎರಡೂ ಸಂಸ್ಥೆಗಳ ಮುಖ್ಯಸ್ಥರು ಸಹಿ ಹಾಕಿ, ಶುಲ್ಕ ಕಟ್ಟಿಸಿಕೊಳ್ಳುವುದಕ್ಕೆ ಮೊದಲೇ ವಿದ್ಯಾರ್ಥಿಯ ಕೈಗೆ ಕೊಡತಕ್ಕದ್ದು.