ಒಂದೇ ಕಾವೇರಿ, ಮೂರು ಅಳತೆ

ಮಳೆಗಾಲ ಬಂತೆಂದರೆ ಪತ್ರಿಕೆಗಳಲ್ಲಿ ಜಲಾಶಯ ಮಟ್ಟದ ಪಟ್ಟಿ ದಿನವೂ ಬರುತ್ತದೆ. ಕಾವೇರಿಗೆ ಕಟ್ಟಿದ ಕೆಆರ್‌ಎಸ್‌ನ ಗರಿಷ್ಠ ಮಟ್ಟ 124.80 ಅಡಿ, ಪೂರ್ಣ ಸಾಮರ್ಥ್ಯ 49.45 ಟಿಎಂಸಿ, ಒಳಹರಿವು ಹೊರಹರಿವು ಇಂತಿಷ್ಟು ಕ್ಯೂಸೆಕ್. ಅದೇ ನೀರು ಬೆಂಗಳೂರಿನ ಕೊಳವೆ ಸೇರಿದೊಡನೆ ಲೆಕ್ಕ ಎಂಎಲ್‌ಡಿಗೆ ಹೊರಳುತ್ತದೆ, ಅಂದರೆ ದಿನಕ್ಕೆ ಇಷ್ಟು ದಶಲಕ್ಷ ಲೀಟರ್. 1956ರ ತೂಕ ಮತ್ತು ಅಳತೆ ಕಾಯ್ದೆಯ ನಂತರ ಹಾಲು, ಎಣ್ಣೆಯ ವ್ಯಾಪಾರದಿಂದ ಸೇರು, ಪಾವುಗಳು ಹಂತಹಂತವಾಗಿ ಸರಿದುಹೋದವು. ಅಣೆಕಟ್ಟೆಯಲ್ಲಿ ಮಾತ್ರ ಬ್ರಿಟಿಷರ ಕಾಲದ ಅಡಿ ಹಾಗೇ ಉಳಿಯಿತು.

ಇದರಿಂದಾಗುವ ಗೊಂದಲ ಸಣ್ಣದಲ್ಲ. ಕ್ಯೂಸೆಕ್ ಎಂಬುದು ನೀರಿನ ಪ್ರಮಾಣವೇ ಅಲ್ಲ, ಹರಿವಿನ ಲೆಕ್ಕ: ಸೆಕೆಂಡಿಗೆ ಒಂದು ಘನ ಅಡಿ, ಸುಮಾರು 28.3 ಲೀಟರ್. ನಲ್ಲಿ ಎಷ್ಟು ಜೋರಾಗಿ ಬರುತ್ತಿದೆ ಎಂದಷ್ಟೇ ಹೇಳಿದರೆ ಹಂಡೆ ಎಷ್ಟು ತುಂಬಿತೆಂದು ತಿಳಿಯದು, ಎಷ್ಟು ಹೊತ್ತು ಬಿಟ್ಟಿದ್ದರು ಎಂಬುದೂ ಬೇಕು. 2016ರ ಸೆಪ್ಟೆಂಬರ್ 5ರಂದು ಸುಪ್ರೀಂ ಕೋರ್ಟ್, ತಮಿಳುನಾಡಿಗೆ 15,000 ಕ್ಯೂಸೆಕ್‌ನಂತೆ ಹತ್ತು ದಿನ ನೀರು ಬಿಡಬೇಕೆಂದು ಆದೇಶಿಸಿತು. ಎಲ್ಲರ ಬಾಯಲ್ಲೂ ಹದಿನೈದು ಸಾವಿರದ್ದೇ ಮಾತು. ಹತ್ತು ದಿನವನ್ನು ಅದರ ಜೊತೆ ಗುಣಿಸಿದವರು ಎಷ್ಟು ಮಂದಿ? ದಿನಕ್ಕೆ 86,400 ಸೆಕೆಂಡು. ಲೆಕ್ಕ ಹಾಕಿದರೆ ದಿನಕ್ಕೆ ಸುಮಾರು 1.3 ಟಿಎಂಸಿ, ಹತ್ತು ದಿನಕ್ಕೆ ಹತ್ತಿರಹತ್ತಿರ 13 ಟಿಎಂಸಿ, ಅಂದರೆ ಭರ್ತಿಯಾದ ಕೆಆರ್‌ಎಸ್‌ನ ಕಾಲು ಭಾಗಕ್ಕಿಂತ ಹೆಚ್ಚು. ಮಂಡ್ಯದ ರೈತರ ಆತಂಕದ ತೂಕ ತಿಳಿಯುವುದು ಈ ಕೊನೆಯ ಅಂಕಿಯಿಂದ.

ಒಂದು ಟಿಎಂಸಿ ಎಂದರೆ ನೂರು ಕೋಟಿ ಘನ ಅಡಿ, ಲೀಟರಿನಲ್ಲಿ ಸುಮಾರು 2,832 ಕೋಟಿ. 2024ರ ಅಕ್ಟೋಬರ್‌ನಲ್ಲಿ ಉದ್ಘಾಟನೆಯಾದ ಕಾವೇರಿ ಐದನೇ ಹಂತದ ಸಾಮರ್ಥ್ಯ 775 ಎಂಎಲ್‌ಡಿ. ವರ್ಷವಿಡೀ ಪೂರ್ತಿ ಹರಿದರೆ ಅದು ಹತ್ತು ಟಿಎಂಸಿ! ಸುಪ್ರೀಂ ಕೋರ್ಟಿನ 2018ರ ತೀರ್ಪಿನಂತೆ ಗಡಿಯ ಬಿಳಿಗುಂಡ್ಲುವಿನಲ್ಲಿ ನಾವು ತಮಿಳುನಾಡಿಗೆ ವರ್ಷಕ್ಕೆ ಬಿಡಬೇಕಾದದ್ದು 177.25 ಟಿಎಂಸಿ. ನಗರದ ಬಳಕೆಯನ್ನು ಇದರ ಪಕ್ಕದಲ್ಲಿಟ್ಟು ನೋಡುವ ಅಭ್ಯಾಸವೇ ನಮಗಿಲ್ಲ, ಏಕೆಂದರೆ ಎರಡನ್ನೂ ಒಂದೇ ಅಳತೆಯಲ್ಲಿ ಯಾರೂ ನಮ್ಮ ಮುಂದಿಡುವುದಿಲ್ಲ. ನಾಲೆಯ ಕೊನೆಯಂಚಿನ ರೈತ ಕ್ಯೂಸೆಕ್ ಎಣಿಸುತ್ತಾನೆ, ವಕೀಲರು ಟಿಎಂಸಿಯಲ್ಲಿ ವಾದಿಸುತ್ತಾರೆ, ಬೆಂಗಳೂರಿಗರು ಟ್ಯಾಂಕರಿನ ಲೀಟರಿಗೆ ದುಡ್ಡು ಕೊಡುತ್ತಾರೆ.

ಘನ ಅಡಿಯನ್ನು ಇವತ್ತೇ ಕೈಬಿಡಿ ಎಂದು ನಾನು ಕೇಳುತ್ತಿಲ್ಲ. ಹಂಚಿಕೆಯ ಒಪ್ಪಂದ, ತೀರ್ಪುಗಳೆಲ್ಲ ಅದರಲ್ಲೇ ಇವೆ. ಆದರೆ ಜಲಾಶಯದ ಪಟ್ಟಿಯಲ್ಲಿ ಇನ್ನೆರಡು ಕಾಲಂ ಸೇರಿಸಲು ಏನಡ್ಡಿ? ಒಂದರಲ್ಲಿ ನಿನ್ನೆ ಒಟ್ಟು ಹರಿದುಹೋದ ನೀರು, ಇನ್ನೊಂದರಲ್ಲಿ ಬೆಂಗಳೂರು ಎತ್ತಿಕೊಂಡದ್ದು, ಎರಡೂ ಕೋಟಿ ಲೀಟರ್‌ಗಳಲ್ಲಿ.